ಕಣ್ಣಿಗೆ ಕಾಣದ ಕೇಡು

ವೈದ್ಯರ ಕೋಣೆಯ ಗೋಡೆಗೆ ತೂಗುಹಾಕಿದ ಅಕ್ಷರಪಟ್ಟಿಯ ಕಟ್ಟಕಡೆಯ ಸಾಲನ್ನೂ ತಡೆಯಿಲ್ಲದೆ ಓದಿದ ಮಧುಮೇಹಿಯು, ತನ್ನ ಕಣ್ಣಿಗೆ ಯಾವ ಕೇಡೂ ಇಲ್ಲವೆಂದು ನೆಮ್ಮದಿಯಿಂದ ಮನೆಗೆ ಮರಳುವುದುಂಟು. ಆ ನೆಮ್ಮದಿಗೆ ಆಧಾರ ಸಾಲದು. ಅಕ್ಷಿಪಟಲದಲ್ಲಿ ಹಾನಿ ಮೊದಲಾಗುವುದಕ್ಕೂ ಅದು ಓದಿನಲ್ಲಿ ತೋರುವುದಕ್ಕೂ ನಡುವೆ ವರ್ಷಗಳೇ ಕಳೆದುಹೋಗಬಹುದು. ನೋವಿಲ್ಲ, ಉರಿಯಿಲ್ಲ, ನೀರು ಸುರಿಯುವುದಿಲ್ಲ.

1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಕಂಡುಹಿಡಿಯುವ ಮುನ್ನ, ಎಳೆಯ ವಯಸ್ಸಿನಲ್ಲಿ ಈ ರೋಗಕ್ಕೆ ತುತ್ತಾದವರು ಕಣ್ಣು ಕೆಡುವಷ್ಟು ಕಾಲ ಬದುಕಿರುತ್ತಲೇ ಇರಲಿಲ್ಲ. ಇನ್ಸುಲಿನ್ ಆಯುಸ್ಸನ್ನು ಕೊಟ್ಟಿತು. ಆಯುಸ್ಸಿನ ಬೆನ್ನಿಗೇ ಕುರುಡಿನ ಭಯವೂ ಬಂದಿತು. ನೇತ್ರದರ್ಶಕದ ಮೂಲಕ ನೋಡಿದ ವೈದ್ಯರಿಗೆ ಇಂಥವರ ಅಕ್ಷಿಪಟಲದ ಮೇಲೆ, ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಕೆಂಪು ಚುಕ್ಕೆಗಳು ಕಾಣುತ್ತಿದ್ದವು. ಅವು ಒಸರಿದ ರಕ್ತದ ಹನಿಗಳೆಂದೇ ಬಹುಕಾಲ ನಂಬಿಕೆಯಿತ್ತು. 1943ರಲ್ಲಿ ಗ್ಲಾಸ್ಗೋವಿನ ಬ್ಯಾಲಂಟೈನ್ ಮತ್ತು ಲೋವೆನ್‌ಸ್ಟೈನ್ ಎಂಬ ವೈದ್ಯರು, ಅವುಗಳಲ್ಲಿ ಅನೇಕವು ಲೋಮನಾಳದ ಗೋಡೆಯು ಉಬ್ಬಿ ಆದ ಗುಳ್ಳೆಗಳೆಂದು ತೋರಿಸಿದರು. ಗೋಡೆ ಉಬ್ಬಿದ್ದೇಕೆ?

ಇದಕ್ಕೆ ಸುಳುಹು ದೊರೆತದ್ದು ಅಮೆರಿಕೆಯ ಬಾಸ್ಟನ್ನಿನಲ್ಲಿ. 1960ರ ಸುಮಾರಿಗೆ ಡೇವಿಡ್ ಕೋಗನ್ ಮತ್ತು ತೋಶಿಯೋ ಕುವಬಾರ ಅವರು, ಮೃತರ ಕಣ್ಣಿನಿಂದ ತೆಗೆದ ಅಕ್ಷಿಪಟಲವನ್ನು ಟ್ರಿಪ್ಸಿನ್ ಎಂಬ ಜೀರ್ಣದ್ರವ್ಯದಲ್ಲಿ ಬೆಚ್ಚಗೆ ನೆನೆಯಿಟ್ಟರು. ನರದ ಭಾಗವೆಲ್ಲ ಕರಗಿ ಕಳಚಿಹೋಗಿ, ರಕ್ತನಾಳಗಳ ಬಲೆಯೊಂದೇ ಉಳಿಯಿತು; ಕೊಳದ ನೀರಿನಲ್ಲಿ ಕೊಳೆತ ಅರಳಿಯ ಎಲೆಯಲ್ಲಿ ನರಗಳ ಜಾಲ ಮಾತ್ರ ಉಳಿಯುವಂತೆ. ಟ್ರಿಪ್ಸಿನ್ ಹುಟ್ಟುವುದು ಮೇದೋಜೀರಕಾಂಗದಲ್ಲಿ, ಇನ್ಸುಲಿನ್ ಹುಟ್ಟುವುದೂ ಅಲ್ಲಿಯೇ. ಒಂದರ ಕೊರತೆಯಿಂದಾದ ಕೇಡನ್ನು ಅದರ ಒಡಹುಟ್ಟೇ ಬಯಲಿಗೆಳೆದಂತಾಯಿತು!

ಆ ಬಲೆಯಲ್ಲಿ ಕಂಡದ್ದನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಲೋಮನಾಳದ ಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಒಂದು ಬಗೆಯವು ಒಳಗೆ ಹಾಸಿಕೊಂಡು ರಕ್ತಕ್ಕೆ ತಾಗಿರುತ್ತವೆ. ಪೆರಿಸೈಟ್ ಎಂಬ ಇನ್ನೊಂದು ಬಗೆಯವು ಹೊರಗಿನಿಂದ ನಾಳವನ್ನು ತಬ್ಬಿಕೊಂಡಿರುತ್ತವೆ. ಆರೋಗ್ಯವಂತರ ಅಕ್ಷಿಪಟಲದಲ್ಲಿ ಇವು ಹೆಚ್ಚುಕಡಿಮೆ ಸರಿಸಮ. ಮಧುಮೇಹಿಗಳಲ್ಲಿ ಪೆರಿಸೈಟುಗಳು ಎಷ್ಟೋ ಕಡೆ ಅಳಿದುಹೋಗಿ, ಅವು ಕುಳಿತಿದ್ದ ಜಾಗದಲ್ಲಿ ಬರಿಯ ಪೊಳ್ಳು ಉಳಿದಿತ್ತು. ಆ ಪೊಳ್ಳುಗಳಿಗೆ ವಿಜ್ಞಾನಿಗಳು ಪ್ರೇತಗಳೆಂದೇ ಹೆಸರಿಟ್ಟರು. ಅಪ್ಪಿ ಹಿಡಿದಿದ್ದವರು ಹೋದ ಮೇಲೆ ಗೋಡೆ ಸಡಿಲಿ ಉಬ್ಬುವುದು ಸಹಜವಷ್ಟೆ. ನೇತ್ರದರ್ಶಕದಲ್ಲಿ ಕಾಣುವ ಮೊದಲ ಕೆಂಪು ಚುಕ್ಕೆಯು ಹೀಗೆ ರೋಗದ ಎರಡನೆಯ ಅಧ್ಯಾಯ.

ಕೋಗನ್ ಅವರು ಕರಗಿಸಿ ತೊಳೆದ ನರದ ಪದರವೂ ಕೇಡಿನಿಂದ ಪಾರಾಗಿರಲಿಲ್ಲ. ಬೆಳಕಿನ ಮಿಂಚಿಗೆ ಅಕ್ಷಿಪಟಲವು ಕೊಡುವ ವಿದ್ಯುತ್ತಿನ ಉತ್ತರದಲ್ಲಿ ಕಿರಿಯ ತರಂಗಗಳು ಕೆಲವಿವೆ. ಒಂದು ಚುಕ್ಕೆಯೂ ಕಾಣದ ಮಧುಮೇಹಿಗಳ ಕಣ್ಣಿನಲ್ಲಿಯೂ ಅವು ಕುಗ್ಗಿರುವುದನ್ನು ಜಪಾನಿನ ಯೊನೆಮುರ ಮತ್ತು ಸಂಗಡಿಗರು 1962ರಲ್ಲಿ ವರದಿಮಾಡಿದರು. ನೀಲಿ ಹಳದಿಗಳ ಛಾಯೆಗಳನ್ನು ಬೇರ್ಪಡಿಸುವ ಶಕ್ತಿ, ಮಬ್ಬು ಹಿನ್ನೆಲೆಯಲ್ಲಿ ಮಬ್ಬು ಗೆರೆಯನ್ನು ಗುರುತಿಸುವ ಶಕ್ತಿ, ಇವೂ ಮೊದಲೇ ಸವೆಯತೊಡಗುವುದುಂಟು. ಕಪ್ಪು ಅಕ್ಷರದ ಪಟ್ಟಿಗೆ ಇವು ಸಿಕ್ಕುವುದಾದರೂ ಹೇಗೆ?

ಈ ಹಂತದಲ್ಲಿ ಮಾಡಬಹುದಾದದ್ದು ಬಹಳವಿದೆ. ಇನ್ಸುಲಿನ್ನನ್ನೇ ನಂಬಿ ಬದುಕುವ ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನವೊಂದು, ಕಣ್ಣು ಇನ್ನೂ ಕೆಡದವರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಈ ಬೇನೆಯ ಅಪಾಯ ನೂರಕ್ಕೆ 76ರಷ್ಟು ತಗ್ಗುವುದೆಂದು ತೋರಿಸಿತು. ಕಾಲ ಮೀರಿದ ಮೇಲೆ ಲೇಸರ್ ಕಿರಣವು ಉಳಿದ ದೃಷ್ಟಿಯನ್ನು ಕಾಯಬಲ್ಲದು. ಹೋದದ್ದನ್ನು ತಂದುಕೊಡುವುದು ಅಪೂರ್ವ.

ನಡುವಯಸ್ಸಿನಲ್ಲಿ ಬರುವ ಮಧುಮೇಹವು ಪತ್ತೆಯಾಗುವ ಮುನ್ನವೇ ಕೆಲವು ವರ್ಷ ಒಳಗೆ ಕುಳಿತಿರಬಹುದಾದುದರಿಂದ, ರೋಗ ತಿಳಿದ ಕೂಡಲೇ ಕಣ್ಣಿನ ಪರೀಕ್ಷೆಯಾಗಬೇಕು. ಬಳಿಕ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಪಾಪೆಯನ್ನು ಅಗಲಿಸುವ ಹನಿಯನ್ನು ಹಾಕುವುದರಿಂದ ಕೆಲವು ಗಂಟೆಗಳ ಕಾಲ ಪತ್ರಿಕೆ ಓದಲಾಗದು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು.