ಕಚೇರಿ ವೇಳೆಯೂ ಕಣ್ಣಿನ ನಿದ್ದೆಯೂ

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅಮೆರಿಕದವರಂತೆ ಬೇಸಿಗೆಗೆಂದು ಗಡಿಯಾರವನ್ನೇ ಮುಂದೆ ತಿರುಗಿಸುವ ಕಿರಿಕಿರಿಗಿಂತ ಇದು ಜಾಣತನವೇ; ಆದರೆ ನಿದ್ದೆಯ ಲೆಕ್ಕ ಇಲ್ಲೂ ತಪ್ಪಿದೆ. ಮಳಖೇಡ, ಶಹಾಬಾದ ಕಡೆಯ ಮನೆಗಳ ಫರ್ಸಿ ಕಲ್ಲು ಹಗಲೆಲ್ಲ ಕಾದು, ರಾತ್ರಿ ಬಹಳ ಹೊತ್ತು ಝಳ ಬಿಡುತ್ತದೆ. ಮಾಳಿಗೆ ಮೇಲೆ ಹಾಸಿಗೆ ಹಾಸಿದರೂ ಕಣ್ಣು ಹತ್ತುವುದು ತಡವಾಗಿಯೇ. ಚಿಂಚೋಳಿಯಿಂದ ಸೇಡಂಗೆ ಎಂಟರೊಳಗೆ ಮುಟ್ಟಬೇಕಾದವರು ಏಳುವುದೆಷ್ಟು ಹೊತ್ತಿಗೆ? ಮಧ್ಯಾಹ್ನ ಮಲಗಬಹುದಲ್ಲ ಎನ್ನುವವರಿದ್ದಾರೆ. ಆದರೆ ಒಂದೂವರೆಗೆ ಕಚೇರಿ ಬಿಟ್ಟವರು ಸುಡುಬಿಸಿಲಲ್ಲೇ ಬಸ್ಸು ಕಾಯಬೇಕು. ಮನೆಯೊಳಗೆ ಅದೇ ಕಲ್ಲು, ಕೆಂಡ. (ಪಾಳಿಯಲ್ಲಿ ದುಡಿಯುವ ಸಿಮೆಂಟ್ ಕಾರ್ಮಿಕರನ್ನು, ಕಲ್ಲುಗಣಿಯ ಕೂಲಿಗಳನ್ನು ಈ ಕಚೇರಿ ವೇಳೆಯ ಆದೇಶ ಕೇಳುವುದೂ ಇಲ್ಲ.) ಹತ್ತರ ಕಚೇರಿಯನ್ನು ಒಮ್ಮೆಲೇ ಎಂಟಕ್ಕೆ ಎಳೆಯುವ ಬದಲು ವಾರಕ್ಕೆ ಅರ್ಧ ತಾಸಿನಂತೆ ಸರಿಸಿದರೆ ಮೈ ಒಗ್ಗೀತು. ಜನರಿಗೆ ಗೊಂದಲವಾಗುತ್ತದೆ ಎಂಬ ಆಕ್ಷೇಪಕ್ಕೆ, ಕಚೇರಿ ಬಾಗಿಲಿಗೊಂದು ಫಲಕ ಸಾಕು.