ಹಿತ್ತಿಲು ವೇಧಶಾಲೆಯಾಗಬಾರದೇಕೆ?

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ಜನರ ಅವಿವೇಕವನ್ನು ಹಳಿಯಲೆಂದು ಕಟ್ಟಿದರು. ನಮ್ಮ ವಿದ್ಯಾವಂತರಲ್ಲಿ ಹಲವರಾದರೋ ಅದನ್ನು ಸಿದ್ಧಾಂತವೆಂದೇ ಹಿಡಿದುಕೊಂಡಿರುವಂತೆ ತೋರುತ್ತದೆ. ಮನೆಯ ಹಿತ್ತಿಲಲ್ಲಿಯೋ ಮಾಳಿಗೆಯ ಮೇಲೆಯೋ ಚಿಕ್ಕದೊಂದು ದೂರದರ್ಶಕವನ್ನು ನಿಲ್ಲಿಸಿ, ಅದಕ್ಕೆ ಕ್ಯಾಮರಾವನ್ನು ಜೋಡಿಸಿ, ರಾತ್ರಿಯೆಲ್ಲ ಎಚ್ಚತ್ತಿದ್ದು ನಕ್ಷತ್ರಗಳ ಛಾಯಾಚಿತ್ರಗಳನ್ನು ತೆಗೆಯುವ ತರುಣರು ನಮ್ಮ ಊರುಗಳಲ್ಲಿಯೂ ಅಲ್ಲಲ್ಲಿ ಇದ್ದಾರೆ. ಇವರನ್ನು ಕುರಿತು ಮೂರು ಆಕ್ಷೇಪಗಳು ಕೇಳಿಬರುತ್ತವೆ. ಮಾಡಿದ್ದನ್ನೇ ಮಾಡುವ ಈ ಕೆಲಸವು ನಿರರ್ಥಕವೆಂಬುದು ಒಂದು; ಅವರ ಚಿತ್ರಗಳು ಬಣ್ಣ ಬಳಿದ ಸುಳ್ಳುಗಳೆಂಬುದು ಎರಡನೆಯದು; ಊರೊಳಗಿನ ಆಕಾಶದಲ್ಲಿ ನೋಡುವುದಕ್ಕೆ ಏನೂ ಉಳಿದಿಲ್ಲವೆಂಬುದು ಮೂರನೆಯದು. ಮೊದಲಿನ ಎರಡು ಆಕ್ಷೇಪಗಳು ವಿಷಯವನ್ನು ವಿಚಾರಿಸದೆ ಹೇಳಿದವು. ಮೂರನೆಯದು ಮಾತ್ರ ಅರ್ಧ ಸತ್ಯ. ಆ ಅರ್ಧಕ್ಕೆ ಹೊಣೆಗಾರರು ನಾವೇ.

ಹಬ್ಬಲ್ ದೂರದರ್ಶಕವು 1990ರಲ್ಲಿಯೂ ವೆಬ್ ದೂರದರ್ಶಕವು 2021ರಲ್ಲಿಯೂ ಅಂತರಿಕ್ಷವನ್ನು ಸೇರಿದುವಲ್ಲ, ಇನ್ನು ಹಿತ್ತಿಲಿನವರು ತೆಗೆಯತಕ್ಕದ್ದೇನೆಂದು ಕೇಳುವವರನ್ನು ನಾವೂ ಒಂದು ಪ್ರಶ್ನೆ ಕೇಳಬಹುದು. ಮಹಾವಿದ್ವಾಂಸರ ಗಾಯನವೆಲ್ಲ ಧ್ವನಿಮುದ್ರಿಕೆಗಳಲ್ಲಿ ದೊರೆಯುವಾಗ ನಿಮ್ಮ ಮಗಳಿಗೆ ಸಂಗೀತವನ್ನು ಕಲಿಸುತ್ತಿರುವುದೇಕೆ? ದೇವಯಾನಿ ನಕ್ಷತ್ರಪುಂಜದಲ್ಲಿರುವ ಆ ಮಸುಕಾದ ಮಚ್ಚೆಯು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದೆಯೆಂದು ಪುಸ್ತಕದಲ್ಲಿ ಓದುವುದು ಬೇರೆ. ಅಲ್ಲಿಂದ ಹೊರಟ ಬೆಳಕನ್ನು ತನ್ನ ಕೈಯಾರೆ ಹಿಡಿಯುವುದು ಬೇರೆ.

ಇದು ಕೇವಲ ಆತ್ಮಸಂತೋಷದ ಮಾತೂ ಅಲ್ಲ. ಇಂಗ್ಲೆಂಡಿನ ಈಲಿಂಗ್ ಎಂಬಲ್ಲಿ ಆಂಡ್ರೂ ಐನ್ಸ್ಲಿ ಕಾಮನ್ ಎಂಬ ಇಂಜಿನಿಯರನು ತನ್ನ ಮನೆಯ ತೋಟದಲ್ಲಿ 36 ಅಂಗುಲದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿ, 1883ರಲ್ಲಿ ಮಹಾವ್ಯಾಧನ ನೀಹಾರಿಕೆಯ ಚಿತ್ರವನ್ನು ತೆಗೆದನು. ಕಣ್ಣಿಗೆ ಕಾಣದ ನಕ್ಷತ್ರಗಳೂ ಛಾಯಾಚಿತ್ರದಲ್ಲಿ ಮೂಡಬಲ್ಲವೆಂಬುದು ಆ ಚಿತ್ರದಿಂದ ಸಿದ್ಧವಾಯಿತು. ವೃತ್ತಿಯಿಂದ ಜ್ಯೋತಿರ್ವಿಜ್ಞಾನಿಯಲ್ಲದ ಆತನಿಗೆ ಮರುವರ್ಷ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯು ಚಿನ್ನದ ಪದಕವನ್ನಿತ್ತಿತು. ಅದು ಹಳೆಯ ಕಾಲವೆನ್ನುವಿರಾದರೆ ನಮ್ಮ ಕಾಲದ ಸಂಗತಿಗಳನ್ನೇ ನೋಡಬಹುದು. 2004ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇ ಮೆಕ್‌ನೀಲ್ ಎಂಬಾತನು 3 ಅಂಗುಲದ ದೂರದರ್ಶಕದಿಂದ ಹೊಸ ನೀಹಾರಿಕೆಯೊಂದನ್ನು ಕಂಡುಹಿಡಿದನು. 2009ರ ಜುಲೈ 19ರಂದು ಆಸ್ಟ್ರೇಲಿಯದ ಆಂಥೊನಿ ವೆಸ್ಲಿಯು ತನ್ನ ಮನೆಯಿಂದ ತೆಗೆದ ಗುರುಗ್ರಹದ ಚಿತ್ರಗಳಲ್ಲಿ ಕಪ್ಪು ಕಲೆಯೊಂದನ್ನು ಕಂಡನು. ಯಾವುದೋ ಆಕಾಶಕಾಯವು ಗುರುವನ್ನು ಅಪ್ಪಳಿಸಿತ್ತು. ದೊಡ್ಡ ದೂರದರ್ಶಕಗಳು ಅತ್ತ ತಿರುಗಿದ್ದು ಆತನು ಸುದ್ದಿ ಕೊಟ್ಟ ಮೇಲೆ. 2016ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನದ ರೊಸಾರಿಯೊ ನಗರದಲ್ಲಿ ಬೀಗದ ಕೆಲಸ ಮಾಡುವ ವಿಕ್ಟರ್ ಬೂಸೊ ಎಂಬಾತನು, ಮನೆಯ ಮಾಳಿಗೆಯ ಮೇಲಿನಿಂದ ಹೊಸ ಕ್ಯಾಮರಾವೊಂದನ್ನು ಪರೀಕ್ಷಿಸುತ್ತಿದ್ದಾಗ, ದೂರದ ನಕ್ಷತ್ರವೊಂದು ಸಿಡಿಯುವ ಮೊದಲ ಗಳಿಗೆಯನ್ನೇ ಸೆರೆಹಿಡಿದನು. ದೊಡ್ಡ ವೇಧಶಾಲೆಯ ಒಂದೊಂದು ಗಳಿಗೆಯೂ ಮುಂಚಿತವಾಗಿಯೇ ಹಂಚಿಹೋಗಿರುತ್ತದೆ. ಏನಾದರೂ ನಡೆದೀತೆಂದು ಒಂದೇ ಕಡೆ ಕಣ್ಣಿಟ್ಟು ಕಾಯುವುದು ಅದಕ್ಕೆ ಸಾಧ್ಯವಿಲ್ಲ. ಸಾವಿರ ಹಿತ್ತಿಲುಗಳಿಗೆ ಅದು ಸಾಧ್ಯ.

ಇನ್ನು ಎರಡನೆಯ ಆಕ್ಷೇಪ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ನೀಹಾರಿಕೆಯು ಬೂದುಬಣ್ಣದ ಮಬ್ಬಾಗಿ ತೋರುತ್ತದೆ, ಚಿತ್ರದಲ್ಲಾದರೋ ಕೆಂಪಾಗಿದೆ, ಆದುದರಿಂದ ಚಿತ್ರವು ಸುಳ್ಳೆನ್ನುತ್ತಾರೆ. ಮಂದವಾದ ಬೆಳಕಿನಲ್ಲಿ ಬಣ್ಣವನ್ನು ಗುರುತಿಸುವ ಶಕ್ತಿಯು ನಮ್ಮ ಕಣ್ಣಿಗಿಲ್ಲ. ಬೆಳದಿಂಗಳಲ್ಲಿ ಕೆಂಪು ದಾಸವಾಳವೂ ಕಪ್ಪಾಗಿಯೇ ತೋರುವುದಷ್ಟೆ. ಅದಕ್ಕಾಗಿ ಹೂವನ್ನು ಸುಳ್ಳೆನ್ನುವೆವೆ? ನೀಹಾರಿಕೆಯ ಕೆಂಪು ಜಲಜನಕವು ಸೂಸುವ 656.3 ನ್ಯಾನೊಮೀಟರು ತರಂಗದ ಬೆಳಕು, ಚಿತ್ರಕಾರನ ಕುಂಚದ್ದಲ್ಲ. ಅದನ್ನು ಹಿಡಿಯುವ ಶ್ರಮವಾದರೂ ಎಂತಹುದು! ಭೂಮಿಯು ತಿರುಗುತ್ತಿರುವುದರಿಂದ ಆಕಾಶವು ಒಂದು ನಿಮಿಷಕ್ಕೆ ಕಾಲು ಅಂಶದಷ್ಟು ಸರಿಯುತ್ತದೆ. ಆದುದರಿಂದ ಯಂತ್ರದ ಅಕ್ಷವನ್ನು ಧ್ರುವದತ್ತ ನೆಟ್ಟು, ಆ ಚಲನೆಯನ್ನು ಅನುಸರಿಸುವಂತೆ ತಿರುಗಿಸಬೇಕು. ಒಂದೇ ದೃಶ್ಯದ ಹತ್ತಾರು ನೂರಾರು ಚಿತ್ರಗಳನ್ನು ತೆಗೆದು ಸರಾಸರಿ ಮಾಡಬೇಕು. ನೂರು ಚಿತ್ರಗಳನ್ನು ಹೀಗೆ ಕೂಡಿಸಿದರೆ ಮೇಲೆ ಬರುವ ಕಾಳುಕಾಳಾದ ಕಲ್ಮಷವು ಹತ್ತರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಮುಚ್ಚಳ ಹಾಕಿ ಬೇರೆ ಚಿತ್ರಗಳನ್ನು ತೆಗೆದು ಯಂತ್ರದ ಸ್ವಂತ ದೋಷವನ್ನೂ ಕಳೆಯಬೇಕು. ಇದು ಬಣ್ಣ ಬಳಿಯುವುದಲ್ಲ. ಅಕ್ಕಿಯಿಂದ ಕಲ್ಲನ್ನು ಆರಿಸುವುದು.

ಆದರೆ ನಿಜವಾದ ವಂಚಕರೂ ಇದ್ದಾರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲಿಯೋ ಮರಳುಗಾಡಿನಲ್ಲಿ ತೆಗೆದ ಆಕಾಶಗಂಗೆಯನ್ನು ತಮ್ಮೂರಿನ ಗುಡಿಯ ಗೋಪುರದ ಹಿಂದೆ ಅಂಟಿಸುವವರು, ತಮ್ಮ ಯಂತ್ರವು ಹಿಡಿಯದ ನೀಹಾರಿಕೆಯನ್ನು ಕೃತಕ ಬುದ್ಧಿಯಿಂದ ಬರೆಯಿಸಿ ತಮ್ಮದೆನ್ನುವವರು ಈ ವಿದ್ಯೆಗೇ ಕಳಂಕವನ್ನು ತರುತ್ತಾರೆ. ಕಳ್ಳನಾಣ್ಯವಿದೆಯೆಂದು ನಾಣ್ಯವನ್ನೇ ಬಿಸುಡುವುದುಂಟೆ? ಪರೀಕ್ಷೆಯು ಸುಲಭವಾಗಿದೆ. ತೆಗೆದ ದಿನ, ಸ್ಥಳ, ಉಪಕರಣ, ಬೆಳಕನ್ನು ಹಿಡಿದ ಗಂಟೆಗಳು, ಆಮೇಲೆ ಮಾಡಿದ ಸಂಸ್ಕಾರ, ಇವಿಷ್ಟನ್ನೂ ಪ್ರಾಮಾಣಿಕನು ಚಿತ್ರದ ಕೆಳಗೆ ಬರೆಯುತ್ತಾನೆ. ಬರೆಯಲೊಲ್ಲದವನ ಚಿತ್ರವನ್ನು ನಂಬಬೇಕಾಗಿಲ್ಲ.

ಮೂರನೆಯ ಆಕ್ಷೇಪಕ್ಕೆ ಬರೋಣ. ಊರಿನ ಆಕಾಶವು ಮಂಕಾಗಿರುವುದು ದಿಟ. ಮಾನವಕೋಟಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನರು ತಾವಿರುವಲ್ಲಿಂದ ಆಕಾಶಗಂಗೆಯನ್ನು ಕಾಣಲಾರರೆಂದು 2016ರಲ್ಲಿ ಪ್ರಕಟವಾದ ಭೂಪಟವೊಂದು ತೋರಿಸಿತು. 2011ರಿಂದ 2022ರ ವರೆಗೆ ಸಾಮಾನ್ಯ ಜನರು ಬರಿಗಣ್ಣಿನಿಂದ ಮಾಡಿದ 50,000ಕ್ಕೂ ಮಿಕ್ಕ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ 9.6 ಪ್ರತಿಶತದಂತೆ ಏರುತ್ತಿರುವುದು ಕಂಡುಬಂದಿತು. ಹಾಗಾದರೆ ಎಂಟು ವರ್ಷ ತುಂಬುವುದರೊಳಗೆ ಅದು ಇಮ್ಮಡಿ! ಹಳೆಯ ಸೋಡಿಯಂ ದೀಪಗಳ ಹಳದಿ ಬೆಳಕು ಬಹುಪಾಲು ಕೆಲವೇ ತರಂಗಗಳದ್ದಾದುದರಿಂದ ಸೋಸುಗಾಜಿನಿಂದ ಅದನ್ನು ತಕ್ಕಮಟ್ಟಿಗೆ ತಡೆಯಬಹುದಾಗಿತ್ತು. ಈಗಿನ ಬಿಳಿಯ ಎಲ್.ಇ.ಡಿ. ದೀಪಗಳ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿದೆ. ಅದರ ನೀಲಿಯ ಅಂಶವು ಗಾಳಿಯಲ್ಲಿ ಹೆಚ್ಚಾಗಿ ಚೆದರುತ್ತದೆ. ಹೀಗಿದ್ದರೂ ಜಲಜನಕದ ಬೆಳಕನ್ನಷ್ಟೇ ಒಳಬಿಡುವ ಸೋಸುಗಾಜನ್ನಿಟ್ಟು ನಗರದ ನಡುವಿನಿಂದಲೇ ನೀಹಾರಿಕೆಗಳನ್ನು ಹಿಡಿಯುತ್ತಿರುವ ತರುಣರ ಛಲವನ್ನು ಮೆಚ್ಚಬೇಕಲ್ಲದೆ, ಕತ್ತಲೆಯನ್ನು ಕೆಡಿಸಿದ ನಾವು ಅವರನ್ನು ನಗುವುದು ಎಲ್ಲಿಯ ನ್ಯಾಯ?

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯನ್ನು ಕಾಯುವ ಪ್ರದೇಶವನ್ನು ಘೋಷಿಸಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ನಕ್ಷತ್ರಗಳನ್ನು ಕಾಣಲು ನಮ್ಮ ಮಕ್ಕಳೆಲ್ಲ ಹಿಮಾಲಯಕ್ಕೆ ಯಾತ್ರೆ ಹೋಗಬೇಕೆ? ದೀಪವಿಲ್ಲದಿದ್ದರೆ ಕಳ್ಳಕಾಕರ ಭಯವೆಂದು ಕೆಲವರು ಹೇಳುತ್ತಾರೆ. ದೀಪವನ್ನು ಆರಿಸಿರೆಂದು ಹೇಳಿದವರಾರು? ಮೇಲಕ್ಕೆ ಚೆಲ್ಲಿದ ಬೆಳಕು ಯಾವ ಬಾಗಿಲನ್ನೂ ಕಾಯುವುದಿಲ್ಲ. ಕಣ್ಣು ಕುಕ್ಕುವ ದೀಪದ ಪಕ್ಕದ ನೆರಳು ಕಳ್ಳನಿಗೇ ಅನುಕೂಲ. ಅಮೆರಿಕದ ಫ್ಲಾಗ್‌ಸ್ಟಾಫ್ ನಗರವು 1958ರಲ್ಲಿಯೇ ಆಕಾಶದತ್ತ ಬೀರುವ ಶೋಧದೀಪಗಳನ್ನು ಕಟ್ಟಳೆಯಿಂದ ತಡೆಯಿತು. ಫ್ರಾನ್ಸ್ ದೇಶವು 2018ರ ಡಿಸೆಂಬರಿನಲ್ಲಿ ಹೊರಗಿನ ದೀಪಗಳಿಗೆ ನಿಯಮಗಳನ್ನು ವಿಧಿಸಿತು. ಆ ಊರುಗಳೇನು ಕತ್ತಲೆಯಲ್ಲಿ ಮುಳುಗಿಹೋದುವೆ?

ಆದುದರಿಂದ ನಮ್ಮ ಪುರಸಭೆಗಳು ಮಾಡತಕ್ಕದ್ದು ಇಷ್ಟು: ಬೀದಿಯ ದೀಪಗಳಿಗೆ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲುಮರೆಯನ್ನು ಹಾಕಿಸಲಿ, ಹೊಸ ದೀಪಗಳನ್ನು ಕೊಳ್ಳುವಾಗ ನೀಲಿಗಲೆಯಿಲ್ಲದ, ಹಳದಿಯ ಬೆಡಗಿನವನ್ನು ಕೊಳ್ಳಲಿ, ಅಂಗಡಿ ಮುಚ್ಚಿದ ಮೇಲೆ ಅದರ ಹಲಗೆಯ ದೀಪವೂ ಆರಲೆಂದು ವಿಧಿಸಲಿ. ಗೃಹಸ್ಥರು ಪುರಸಭೆಗಾಗಿ ಕಾಯಬೇಕಾದ್ದಿಲ್ಲ. ಈ ರಾತ್ರಿಯೇ ತಮ್ಮ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಲಿ; ತಮ್ಮ ದೀಪವು ನೆರೆಯವನ ಹಿತ್ತಿಲಿಗೂ ಆಕಾಶಕ್ಕೂ ಚೆಲ್ಲುತ್ತಿದ್ದರೆ ಅದನ್ನು ಕೆಳಮುಖ ಮಾಡಲಿ. ನೆರೆಮನೆಯ ತರುಣನನ್ನು ಹಳಿಯುವ ಅಧಿಕಾರವು ಅಷ್ಟನ್ನು ಮಾಡಿದವರಿಗೆ ಮಾತ್ರ ಉಂಟು. ಅಷ್ಟನ್ನು ಮಾಡಿದವರು ಅವನನ್ನು ಹಳಿಯಲಾರರೆಂದು ನಮ್ಮ ನಂಬಿಕೆ.