ಬ್ಯಾಕ್ಟೀರಿಯಗಳಲ್ಲೂ ಕುಂಭಕರ್ಣರು!

ರಾಗಿ ಹೊಲದಲ್ಲಿ ಕಳೆ ಕೀಳುವುದನ್ನು ನೀವು ನೋಡಿರಬಹುದು. ಒಂದು ಕಡ್ಡಿಯೂ ಉಳಿಯದಂತೆ ಕಿತ್ತರೂ ಮುಂದಿನ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಸಾಲುಗಳ ನಡುವೆ ಮತ್ತೆ ಹಸಿರು ಕಾಣಿಸುತ್ತದೆ. ಕಿತ್ತು ಎಸೆದ ಕಳೆಗೆ ಜೀವ ಬಂತೇ? ಹಾಗೇನಿಲ್ಲ. ಮಣ್ಣಿನಲ್ಲಿ ಮೊಳೆಯದೆ ಮಲಗಿದ್ದ ಬೀಜಗಳು ಈಗ ಎದ್ದಿವೆ.

ರೋಗ ತರುವ ಬ್ಯಾಕ್ಟೀರಿಯಗಳಲ್ಲೂ ಹೀಗೆ ಮಲಗಿ ಬದುಕಿಕೊಳ್ಳುವ ಕೋಶಗಳಿವೆ. ಇವುಗಳ ಹೆಸರು 'ಪರ್ಸಿಸ್ಟರ್' ಕೋಶಗಳು, ಅಂದರೆ ಹಟ ಹಿಡಿದು ಉಳಿಯುವವು. ಹೆಸರಿಟ್ಟವರು ಐರ್ಲೆಂಡಿನ ಬ್ಯಾಕ್ಟೀರಿಯ ತಜ್ಞ ಜೋಸೆಫ್ ಬಿಗ್ಗರ್. ಅದು 1944ನೇ ಇಸವಿ. ಪೆನಿಸಿಲಿನ್ ಆಗಿನ್ನೂ ಹೊಸ ಮದ್ದು. ಹುಣ್ಣಿನಲ್ಲಿ ಕೀವು ತುಂಬಿಸುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಗಳ ಮೇಲೆ ಬಿಗ್ಗರ್ ಅದನ್ನು ಪ್ರಯೋಗಿಸಿದರು. ಹೆಚ್ಚುಕಡಿಮೆ ಎಲ್ಲವೂ ಸತ್ತವು. ಆದರೆ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಕೆಲವು ಉಳಿದೇ ಬಿಟ್ಟವು!

ಉಳಿದವು ಮದ್ದನ್ನು ಸೋಲಿಸುವ ಹೊಸ ಶಕ್ತಿ ಪಡೆದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬಿಗ್ಗರ್ ಅವನ್ನು ಬೇರೆಯಾಗಿ ಬೆಳೆಸಿ, ಅವುಗಳ ಸಂತಾನಕ್ಕೆ ಮತ್ತೆ ಪೆನಿಸಿಲಿನ್ ಕೊಟ್ಟು ನೋಡಿದರು. ಸಂತಾನ ಮೊದಲಿನಂತೆಯೇ ಸತ್ತಿತು. ಮೊದಲಿನಂತೆಯೇ ಒಂದಷ್ಟು ಉಳಿಯಿತು.

ಇಲ್ಲೇ ಒಂದು ಮುಖ್ಯ ವ್ಯತ್ಯಾಸವಿದೆ. ಔಷಧ ನಿರೋಧಕ ಬ್ಯಾಕ್ಟೀರಿಯಗಳು ಮದ್ದಿನ ನಡುವೆಯೂ ಬೆಳೆಯುತ್ತವೆ. ಆ ಗುಣ ಅವುಗಳ ವಂಶವಾಹಿಗಳಲ್ಲೇ ಇದ್ದು, ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. ಪರ್ಸಿಸ್ಟರ್ ಕೋಶಗಳು ಮದ್ದು ಇರುವಷ್ಟು ಕಾಲ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಈ ಗುಣಕ್ಕೆ ಸಹಿಷ್ಣುತೆ ಎನ್ನುತ್ತಾರೆ.

ಇದು ಹೇಗೆ ಸಾಧ್ಯ? ಪೆನಿಸಿಲಿನ್ ಕೆಲಸ ಮಾಡುವ ರೀತಿ ನೋಡಿ. ಬೆಳೆಯುವ ಬ್ಯಾಕ್ಟೀರಿಯ ತನ್ನ ಕೋಶಭಿತ್ತಿಯನ್ನು ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್ ಆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಗೋಡೆ ಒಡೆದು ಕೋಶ ಸಾಯುತ್ತದೆ. ಕಟ್ಟುವ ಕೆಲಸವನ್ನೇ ನಿಲ್ಲಿಸಿ ಮಲಗಿದ ಕೋಶದಲ್ಲಿ ಕೆಡಿಸಲು ಏನಿದೆ? ಈ ನಿದ್ದೆಯ ಹಿಂದೆ ಕೋಶದ ಒಳಗಿನ ಪ್ರೋಟೀನುಗಳ ಕೈವಾಡವೂ ಇರುತ್ತದೆ. ಈ. ಕೋಲೈ ಬ್ಯಾಕ್ಟೀರಿಯದ 'ಹಿಪ್‌ಎ' ಅಂಥ ಒಂದು ಪ್ರೋಟೀನು. ಅದು ಹೆಚ್ಚಾದರೆ ಕೋಶದಲ್ಲಿ ಬೇರೆ ಪ್ರೋಟೀನುಗಳ ತಯಾರಿಕೆಯೇ ನಿಂತುಹೋಗುತ್ತದೆ.

ಮದ್ದು ಬಿದ್ದ ಮೇಲೆ ಇವು ಮಲಗುತ್ತವೆಯೇ, ಮೊದಲೇ ಮಲಗಿರುತ್ತವೆಯೇ? ನಥಾಲಿ ಬಾಲಬನ್ ಮತ್ತು ಸಂಗಡಿಗರು 2004ರಲ್ಲಿ ಒಂದೊಂದೇ ಈ. ಕೋಲೈ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಕಾದು ನೋಡಿ ಇದಕ್ಕೆ ಉತ್ತರ ಕೊಟ್ಟರು. ಮದ್ದಿನಿಂದ ಪಾರಾದ ಕೋಶಗಳು ಅದಕ್ಕೆ ಮೊದಲೇ ಬೆಳವಣಿಗೆ ನಿಲ್ಲಿಸಿದ್ದವು ಅಥವಾ ನಿಧಾನಿಸಿದ್ದವು. ಬಿತ್ತನೆ ಬೀಜವನ್ನೆಲ್ಲ ಒಂದೇ ಮಳೆಗೆ ಬಿತ್ತದೆ ರೈತ ಸ್ವಲ್ಪ ತೆಗೆದಿಡುವಂತೆ, ಬ್ಯಾಕ್ಟೀರಿಯ ಸಮೂಹವೂ ಕೆಲವು ಕೋಶಗಳನ್ನು ತೆಗೆದಿಟ್ಟಂತೆ ಇದು! ಹಾಗೆಂದು ಎಲ್ಲವೂ ಮೊದಲೇ ಮಲಗಿರುತ್ತವೆ ಎನ್ನುವಂತಿಲ್ಲ. ಹಸಿವು, ಆಮ್ಲದಂಥ ಕಷ್ಟಗಳೂ ಕೋಶಗಳನ್ನು ನಿದ್ದೆಗೆ ತಳ್ಳುತ್ತವೆ.

ಹತ್ತು ಲಕ್ಷಕ್ಕೆ ಒಂದು ಉಳಿದರೆ ಏನು ಮಹಾ ಎನ್ನುತ್ತೀರಾ? ಒಂದು ಚಿಕ್ಕ ಲೆಕ್ಕ ಮಾಡಿ. ನೂರು ಕೋಟಿ ಬ್ಯಾಕ್ಟೀರಿಯಗಳಲ್ಲಿ ಉಳಿಯುವುದು ಒಂದು ಸಾವಿರ. ಅವು ಎಚ್ಚೆತ್ತು ಅರ್ಧ ಗಂಟೆಗೊಮ್ಮೆ ಎರಡುಪಟ್ಟಾದರೆ ಹತ್ತು ಗಂಟೆಯಲ್ಲಿ ಇಪ್ಪತ್ತು ಬಾರಿ ದ್ವಿಗುಣ. ಮತ್ತೆ ನೂರು ಕೋಟಿ ದಾಟಿತು! ನಮ್ಮ ಶರೀರದ ರಕ್ಷಣಾ ವ್ಯವಸ್ಥೆ ಉಳಿದ ಕೋಶಗಳನ್ನು ಹಿಡಿದು ತಿನ್ನುವುದರಿಂದಲೇ ಅನೇಕ ಸೋಂಕುಗಳು ಮರುಕಳಿಸುವುದಿಲ್ಲ.

ಕ್ಷಯರೋಗದ ಮಾತು ಬೇರೆ. ಅದರ ಬ್ಯಾಕ್ಟೀರಿಯ ದ್ವಿಗುಣವಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಅದರಲ್ಲೂ ಕೆಲವು ಶರೀರದೊಳಗೆ ಅಡಗಿ ಬೆಳೆಯದೆ ಕೂರುತ್ತವೆ. ಆದ್ದರಿಂದ ಸಾಮಾನ್ಯ ಮದ್ದುಗಳಿಗೆ ಬಗ್ಗುವ ಕ್ಷಯಕ್ಕೂ ನಮ್ಮ ದೇಶದಲ್ಲಿ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಮದ್ದು, ಉಳಿದ ನಾಲ್ಕು ತಿಂಗಳು ಮೂರು ಮದ್ದು. ಬೇಗ ಬೆಳೆಯುವವನ್ನು ಐಸೊನಿಯಜಿಡ್ ಮೊದಲ ದಿನಗಳಲ್ಲೇ ಕೊಲ್ಲುತ್ತದೆ. ಅರೆನಿದ್ದೆಯಲ್ಲಿ ಇರುವವಕ್ಕೆ ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಬೇಕು. ಈ ಎರಡು ಮದ್ದು ಬರುವ ಮೊದಲು ಚಿಕಿತ್ಸೆ ಒಂದು ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯುತ್ತಿತ್ತು.

ಅಪಾಯ ಇರುವುದು ಎರಡನೆಯ ತಿಂಗಳಲ್ಲಿ. ಆಗ ಕೆಮ್ಮು ನಿಂತಿರುತ್ತದೆ, ಜ್ವರ ಬಿಟ್ಟಿರುತ್ತದೆ, ಊಟ ರುಚಿಸುತ್ತದೆ. 'ವಾಸಿಯಾಯಿತಲ್ಲ, ಇನ್ನೇಕೆ ಈ ಮಾತ್ರೆ?' ಎಂದು ರೋಗಿಗೆ ಅನ್ನಿಸುವುದು ಸಹಜ. ಆದರೆ ಸತ್ತಿರುವುದು ಎಚ್ಚರವಾಗಿದ್ದ ದಂಡು. ಮಾತ್ರೆ ಬಿಟ್ಟರೆ ಮಲಗಿದ್ದವು ಏಳುತ್ತವೆ. ಹಾಗೆ ಉಳಿದು ಬೆಳೆದವುಗಳಲ್ಲಿ ನಿಜವಾದ ಔಷಧ ನಿರೋಧಕ ತಳಿಯೂ ಹುಟ್ಟಬಹುದು. ಸಹಿಷ್ಣುತೆ ನಿರೋಧಕತೆಗೆ ದಾರಿ ಮಾಡುತ್ತದೆ ಎಂದು ಬಾಲಬನ್ ಅವರ ತಂಡ ಈ. ಕೋಲೈ ಮೇಲೆ ನಡೆಸಿದ ಪ್ರಯೋಗಗಳಿಂದ 2017ರಲ್ಲಿ ತೋರಿಸಿತು.

ಹಾಗೆಂದು ಎಲ್ಲ ಕಾಯಿಲೆಗೂ ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಬೇಕಾಗಿಲ್ಲ. ಎಷ್ಟೋ ಸೋಂಕುಗಳಿಗೆ ಕೆಲವೇ ದಿನಗಳ ಮದ್ದು ಸಾಕು; ವೈರಸ್ಸಿನಿಂದ ಬರುವ ನೆಗಡಿಗೆ ಅದು ಬೇಕೇ ಇಲ್ಲ. ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು, ಔಷಧದ ಅಂಗಡಿಯವರಲ್ಲ, ನೆರೆಮನೆಯವರೂ ಅಲ್ಲ.

ಕಥೆಯ ಕುಂಭಕರ್ಣನ ನಿದ್ದೆ ಆರು ತಿಂಗಳು. ಕ್ಷಯದ ಚಿಕಿತ್ಸೆಯೂ ಆರು ತಿಂಗಳು. ವಿದ್ಯಾರ್ಥಿಗಳಿಗೆ ನೆನಪಿಟ್ಟುಕೊಳ್ಳುವುದು ಸುಲಭ. ಮನೆಯಲ್ಲಿ ಅಜ್ಜನೋ ಅಕ್ಕನೋ ಕ್ಷಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಮಾತ್ರೆ ಉಚಿತ. ವೈದ್ಯರು 'ಇನ್ನು ಸಾಕು' ಎನ್ನುವ ದಿನದವರೆಗೆ ಗುರುತು ತಪ್ಪದಿರಲಿ.